ಎರಡನೇ ಆಲ್ಬಂನಲ್ಲಿ ಗಿಟಾರ್ ಕಮ್ಮಿ ಆಯ್ತು ಅಂತೀರಾ?

ಪ್ರಶ್ನೆ: ನನಗೆ 21 ವರ್ಷ. ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ಐದು ವರ್ಷದಿಂದ ಗಿಟಾರ್ ನುಡಿಸುತ್ತೇನೆ, ಬ್ಲೂಸ್ ಅಂದ್ರೆ ಪ್ರಾಣ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್, ಗಾಯಕ ಕಿಂಗ್‌ಫಿಶ್ ಇಂಗ್ರಮ್ ಅವರ ಮೊದಲ ಆಲ್ಬಂ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಎರಡನೆಯದು '662' ಬಂದಾಗ ಸ್ವಲ್ಪ ನಿರಾಸೆ ಆಯ್ತು. ಗಿಟಾರ್ ಕಮ್ಮಿ, ಹಾಡು ಜಾಸ್ತಿ. ಆದರೆ ಎಲ್ಲರೂ 'ಎರಡನೆಯದರಲ್ಲಿ ಬೆಳೆದಿದ್ದಾರೆ' ಅಂತಾರೆ, ಗ್ರ್ಯಾಮಿ ಬಂದಿದ್ದೂ ಅದಕ್ಕೇ. ಈ ಬೆಳವಣಿಗೆ ಅನ್ನೋದು ಎಲ್ಲಿದೆ? ಎಲ್ಲಿ ಕಿವಿ ಇಟ್ಟು ಕೇಳಬೇಕು? ಇನ್ನೊಂದು, ಅವರ ಹೆಸರಿನ ಟೆಲಿಕಾಸ್ಟರ್ ಗಿಟಾರ್ ಕೊಂಡರೆ ಆ ಸೌಂಡ್ ಬರುತ್ತಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಕಿವಿಗೆ ಏನೂ ಆಗಿಲ್ಲ. '662'ರಲ್ಲಿ ಗಿಟಾರ್ ಎರಡು ಹೆಜ್ಜೆ ಹಿಂದೆ ಸರಿದು ನಿಂತಿರೋದು ನಿಜ. ಎಲ್ಲ ಹಾಡಲ್ಲೂ ಅಲ್ಲ, ಆದರೆ ಬಹಳ ಕಡೆ. ನೀವು ಅದನ್ನು ನಷ್ಟ ಅಂತ ಲೆಕ್ಕ ಹಾಕಿದ್ದೀರಿ. ನಾನೂ ಮೊದಲ ಸಲ ಕೇಳಿದಾಗ ಹಾಗೇ ಅಂದುಕೊಂಡಿದ್ದೆ. ನಾಲ್ಕನೇ ಸಲವೋ ಐದನೇ ಸಲವೋ ಕೇಳುವಾಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಗಿಟಾರ್ ಕಡೆ ಗಮನವೇ ಇರಲಿಲ್ಲ. ಆಗ ಮೊದಲ ಬಾರಿಗೆ ಆ ಹುಡುಗ ಏನು ಹೇಳುತ್ತಿದ್ದಾನೆ ಅಂತ ಕೇಳಿಸಿತು.

ಹೊಸಬರಿಗೆ ಎರಡು ಮಾತು. ಬ್ಲೂಸ್ ಅಂದ್ರೆ ಅಮೆರಿಕದ ದಕ್ಷಿಣದ ಕಪ್ಪು ಜನರ ಕಷ್ಟಸುಖದ ಹಾಡುಗಳಿಂದ ಬೆಳೆದ ಸಂಗೀತ. ಕ್ರಿಸ್ಟೋನ್ ಇಂಗ್ರಮ್ ಹುಟ್ಟಿದ್ದು 1999ರ ಜನವರಿಯಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್‌ನಲ್ಲಿ. ಸುಮಾರು 15 ಸಾವಿರ ಜನರ ಊರು. ಸುತ್ತ ಸಪಾಟಾದ ಹತ್ತಿ ಹೊಲ. ಹೆದ್ದಾರಿ 61 ಮತ್ತು 49 ಅಲ್ಲಿ ಸೇರುತ್ತವೆ. ಹಳೇ ಕಾಲದ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ನಾಲ್ಕು ದಾರಿ ಕೂಡುವ ಕಡೆ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಅಂತ ಒಂದು ಕಥೆ ಇದೆಯಲ್ಲ, ಅದು ನಡೆದದ್ದು ಇಲ್ಲೇ ಅಂತ ಬೋರ್ಡ್ ಹಾಕಿಕೊಂಡಿರುವ ಊರು ಅದು. ಬ್ಲೂಸ್ ದಿಗ್ಗಜ ಮಡ್ಡಿ ವಾಟರ್ಸ್ ಬೆಳೆದ ಸ್ಟೋವಾಲ್ ತೋಟ ಅಲ್ಲಿಂದ ಕೆಲವೇ ಮೈಲಿ ದೂರ. ಹಳೇ ರೈಲ್ವೆ ಗೂಡ್ಸ್ ಕಟ್ಟಡದಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಇದೆ. ಅಲ್ಲಿ ಊರಿನ ಮಕ್ಕಳಿಗೆ ಬ್ಲೂಸ್ ಕಲಿಸುತ್ತಾರೆ. ಇಂಗ್ರಮ್ ಕಲಿತದ್ದು ಅಲ್ಲೇ. ಮೊದಲು ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಗಿಟಾರ್. ಈ ಕ್ರಮ ನೆನಪಿಡಿ, ಮುಂದೆ ಬೇಕಾಗುತ್ತೆ. ಅಲ್ಲಿನ ಮೇಷ್ಟ್ರು ಬಿಲ್ ಪೆರಿ, ಹಳೇ ಟಿವಿ ಹಾಸ್ಯ ಸರಣಿಯ ಒಂದು ಪಾತ್ರದ ಮೇಲೆ 'ಕಿಂಗ್‌ಫಿಶ್' ಅಂತ ಅಡ್ಡಹೆಸರಿಟ್ಟರು. ನಮ್ಮ ಬೆಂಗಳೂರಿನ ಬಿಯರ್‌ಗೂ ಇದಕ್ಕೂ ಸಂಬಂಧ ಇಲ್ಲ. ಯಾರೋ ಕೇಳಿದ್ದರು, ಅದಕ್ಕೇ ಹೇಳಿದೆ. 2014ರಲ್ಲಿ, 15ನೇ ವಯಸ್ಸಿಗೆ, ಮ್ಯೂಸಿಯಂನ ಮಕ್ಕಳ ತಂಡದ ಜೊತೆ ಶ್ವೇತಭವನದಲ್ಲಿ ಮಿಶೆಲ್ ಒಬಾಮ ಎದುರು ನುಡಿಸಿ ಬಂದರು.

ಮೊದಲ ಆಲ್ಬಂ 'ಕಿಂಗ್‌ಫಿಶ್' 2019ರ ಮೇ ತಿಂಗಳಲ್ಲಿ ಬಂತು. ಎರಡನೆಯದು '662', 2021ರ ಜುಲೈನಲ್ಲಿ. ಎರಡೂ ಶಿಕಾಗೋದ ಅಲಿಗೇಟರ್ ರೆಕಾರ್ಡ್ ಕಂಪನಿಯವು. ಎರಡಕ್ಕೂ ನಿರ್ಮಾಪಕ ಟಾಮ್ ಹ್ಯಾಂಬ್ರಿಡ್ಜ್. ಹಿರಿಯ ಬ್ಲೂಸ್ ಗಿಟಾರಿಸ್ಟ್ ಬಡಿ ಗೈ ಅವರ ಆಲ್ಬಂಗಳನ್ನು ಮಾಡಿದವರು, ಮೂಲತಃ ಡ್ರಮ್ಮರ್. ಎರಡೂ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಆದವು. ಇದು ನಮ್ಮ ಅದೃಷ್ಟ ನೋಡಿ. ಎಷ್ಟೋ ಕಲಾವಿದರ ಎರಡನೇ ಆಲ್ಬಂ ಬೇರೆ ಥರ ಕೇಳಿಸೋದು ನಿರ್ಮಾಪಕ ಬದಲಾದ್ದರಿಂದ, ಸ್ಟುಡಿಯೋ ಬದಲಾದ್ದರಿಂದ. ಅಲ್ಲಿ ಬೆಳೆದದ್ದು ಹುಡುಗನೋ ದುಡ್ಡೋ ಗೊತ್ತಾಗಲ್ಲ. ಇಲ್ಲಿ ಅಡುಗೆಯವರು ಅವರೇ, ಒಲೆ ಅದೇ. ರುಚಿ ಬದಲಾಗಿದ್ದರೆ ಸಾಮಾನು ಬದಲಾಗಿರಬೇಕು.

ಹಾಗಾದ್ರೆ ಏನು ಬದಲಾಯ್ತು? ಎರಡೂ ಆಲ್ಬಂಗಳ ಮೊದಲ ಹಾಡನ್ನು ಒಂದರ ಹಿಂದೆ ಒಂದು ಹಾಕಿ ಕೇಳಿ. ಮೊದಲನೆಯದು ಶುರುವಾಗೋದು 'ಔಟ್‌ಸೈಡ್ ಆಫ್ ದಿಸ್ ಟೌನ್' ಹಾಡಿನಿಂದ. ಈ ಊರು ಸಾಲದು, ಆಚೆ ಹೋಗಬೇಕು ಅನ್ನುವ ಹುಡುಗನ ಹಾಡು. ಎರಡನೆಯದು ಶುರುವಾಗೋದು '662' ಅನ್ನುವ ಹಾಡಿನಿಂದ. 662 ಅಂದ್ರೆ ಉತ್ತರ ಮಿಸಿಸಿಪ್ಪಿಯ ಟೆಲಿಫೋನ್ ಕೋಡ್. ನಿಮ್ಮ ಧಾರವಾಡದ 0836, ಬೆಂಗಳೂರಿನ 080 ಇದ್ದ ಹಾಗೆ. ತಮಾಷೆ ಅಂದ್ರೆ ಆ ಕೋಡ್ ಶುರುವಾಗಿದ್ದೂ 1999ರಲ್ಲೇ, ಇಂಗ್ರಮ್ ಹುಟ್ಟಿದ ವರ್ಷ. 20ರ ವಯಸ್ಸಿನಲ್ಲಿ ಊರು ಬಿಡ್ತೀನಿ ಅಂತ ಹಾಡಿದವರು 22ಕ್ಕೆ ಊರಿನ ಎಸ್‌ಟಿಡಿ ಕೋಡನ್ನೇ ಆಲ್ಬಂಗೆ ಹೆಸರಾಗಿಟ್ಟರು. ಬಿಟ್ಟು ಹೋದವರಿಗೇ ಊರು ಕಾಣೋದು ಅಲ್ವಾ? ಹಾಸ್ಟೆಲ್‌ನಲ್ಲಿ ಇರೋ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷದಲ್ಲಿ ಅವರು ಸಿಕ್ಕಾಪಟ್ಟೆ ಊರು ಸುತ್ತಿದರು. ಮೊದಲ ಆಲ್ಬಂಗೆ ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತು, 2020ರಲ್ಲಿ ಬ್ಲೂಸ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಒಟ್ಟಿಗೇ ಐದು ಪ್ರಶಸ್ತಿ ಬಂದವು. ಈ ನಡುವೆಯೇ, 2019ರ ಡಿಸೆಂಬರ್‌ನಲ್ಲಿ, ತಾಯಿ ತೀರಿಕೊಂಡರು. ಚಿಕ್ಕಂದಿನಿಂದ ಪಾಠಕ್ಕೂ ಕಾರ್ಯಕ್ರಮಕ್ಕೂ ಬೆನ್ನಿಗೆ ನಿಂತಿದ್ದವರು ಅವರೇ. ಕಂಟ್ರಿ ಅನ್ನುವ ಅಮೆರಿಕದ ಹಳ್ಳಿಗಾಡಿನ ಸಂಗೀತದ ಹೆಸರಾಂತ ಗಾಯಕ ಚಾರ್ಲಿ ಪ್ರೈಡ್ ಆ ತಾಯಿಗೆ ಹತ್ತಿರದ ಸಂಬಂಧಿ. ಕೆಲವೇ ತಿಂಗಳಲ್ಲಿ ಕೊರೊನಾ ಬಂತು, ಓಡಾಟ ಎಲ್ಲಾ ಬಂದ್. ಓಡುತ್ತಿದ್ದವರು ಒಂದು ಕಡೆ ಕೂತರು. '662' ಬಂದದ್ದು ಆ ಕೂತ ಕಾಲದಿಂದ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ, ಎಲ್ಲಿ ಕಿವಿ ಇಡಬೇಕು ಅನ್ನೋದು. ನೀವು ಗಿಟಾರಿಸ್ಟ್ ಆದ್ದರಿಂದ ಗಿಟಾರಿನ ದಾರಿಯಲ್ಲೇ ಹೋಗುತ್ತೇನೆ.

ಹನ್ನೆರಡು ಬಾರ್ ಬ್ಲೂಸ್ ನಿಮಗೆ ಬಾಯಿಪಾಠ ಇರುತ್ತೆ. ಬಾರ್ ಅಂದ್ರೆ ತಾಳದ ಒಂದು ಆವರ್ತ. ಮೂರು ಸಾಲು, ಒಂದೊಂದಕ್ಕೆ ನಾಲ್ಕು ಬಾರ್. ಮೊದಲ ಸಾಲು ಹಾಡ್ತಾರೆ, ಎರಡನೆಯದು ಹೆಚ್ಚುಕಮ್ಮಿ ಅದೇ ಸಾಲು, ಮೂರನೆಯದು ಅದಕ್ಕೆ ಉತ್ತರ. ನಾವೆಲ್ಲ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಯಾವಾಗ ಬದಲಾಗುತ್ತೆ ಅಂತ ಲೆಕ್ಕ ಹಾಕ್ತಾ ಒಂದು ವಿಷಯ ಮರೀತೀವಿ. ಆ ನಾಲ್ಕು ಬಾರ್‌ನಲ್ಲಿ ಹಾಡುವವರ ಮಾತು ಮುಗಿಯೋದು ಎರಡು, ಎರಡೂವರೆ ಬಾರ್‌ಗೆ. ಉಳಿದದ್ದು ಖಾಲಿ. ಆ ಖಾಲಿ ಜಾಗ ಗಿಟಾರಿನದು. ಕಚೇರಿಯಲ್ಲಿ ಹಾಡುಗಾರರು ಸಾಲು ಬಿಟ್ಟಾಗ ಪಿಟೀಲು ಎತ್ತಿಕೊಳ್ಳುತ್ತಲ್ಲ, ಅದೇ ಥರ. ವ್ಯತ್ಯಾಸ ಏನಂದ್ರೆ ಬ್ಲೂಸ್‌ನಲ್ಲಿ ಹಾಡುವವರೂ ಅವರೇ, ಉತ್ತರ ಕೊಡುವವರೂ ಅವರೇ. ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಇದನ್ನು ಒಂದು ಶಿಸ್ತನ್ನಾಗಿಯೇ ಮಾಡಿಕೊಂಡಿದ್ದರು. ಹಾಡುವಾಗ ಗಿಟಾರ್ ಮುಟ್ಟುತ್ತಿರಲಿಲ್ಲ, ಗಿಟಾರ್ ನುಡಿಸುವಾಗ ಬಾಯಿ ಬಿಡುತ್ತಿರಲಿಲ್ಲ. ಒಬ್ಬರೇ ಇಬ್ಬರಾಗಿ ಮಾತಾಡಿದ ಹಾಗೆ.

ಮೊದಲ ಆಲ್ಬಂನಲ್ಲಿ ಆ ಖಾಲಿ ಜಾಗ ಬಂದ ಕೂಡಲೇ ಇಂಗ್ರಮ್ ನುಗ್ಗುತ್ತಾರೆ. ಅದ್ಭುತವಾಗಿಯೇ ನುಗ್ಗುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. 'ಲವ್ ಏಂಟ್ ಮೈ ಫೇವರಿಟ್ ವರ್ಡ್' ಕೇಳಿ. ನಿಧಾನದ ಹಾಡು, ಅದರ ಸೋಲೋ, ಅಂದ್ರೆ ಗಿಟಾರ್ ಒಂಟಿಯಾಗಿ ಮುಂದೆ ಬರೋ ಭಾಗ, ಕೇಳಿದರೆ ಮೈ ಜುಮ್ಮೆನ್ನುತ್ತೆ. ಇಪ್ಪತ್ತು ವರ್ಷದ ಕೈ ಅದು ಅಂತ ನಂಬೋದು ಕಷ್ಟ. ಆದರೆ ಹಾಡಿನಲ್ಲಿ ಆ ಮನುಷ್ಯನಿಗೆ ಏನಾಯ್ತು ಅಂತ ಕೇಳಿದರೆ ನಿಮಗೆ ನೆನಪಿರುತ್ತಾ? ನನಗಂತೂ ಬಹಳ ದಿನ ನೆನಪಿರಲಿಲ್ಲ. ಮಾತು ಅಲ್ಲಿ ಸೋಲೋಗೆ ಕಟ್ಟಿದ ಚಪ್ಪರ.

ಈಗ '662'ರ 'ಯುವರ್ ಆಲ್ರೆಡಿ ಗಾನ್' ಹಾಕಿ. ಬಿಟ್ಟು ಹೋಗುತ್ತಿರುವವರ ಬಗ್ಗೆ, ಇನ್ನೂ ಎದುರಿಗೇ ಇದ್ದಾರೆ ಆದರೆ ಮನಸ್ಸು ಆಗಲೇ ಹೋಗಿಬಿಟ್ಟಿದೆ ಅನ್ನುವ ಹಾಡು. ಇಲ್ಲಿ ಗಿಟಾರ್ ಪಕ್ಕದ ಕುರ್ಚಿಯಲ್ಲಿ ಕೂತವರ ಹಾಗೆ ಇದೆ. ಹೂಂ ಅನ್ನುತ್ತೆ, ಸುಮ್ಮನಾಗುತ್ತೆ. ದನಿ ಮೆತ್ತಗಿದೆ. ಇದೇ ಕಲಾವಿದರಿಗೆ ಇಲ್ಲಿ ಹದಿನಾರು ಬಾರ್ ಬೆಂಕಿ ಹಚ್ಚೋದು ಕಷ್ಟವೇ? ಕಣ್ಣುಮುಚ್ಚಿ ಹಚ್ಚುತ್ತಿದ್ದರು. ಹಚ್ಚಲಿಲ್ಲ. ಆ ಹಚ್ಚದೇ ಇದ್ದದ್ದನ್ನು ಕೇಳಿಸಿಕೊಳ್ಳೋದೇ ನೀವು ಕೇಳಿದ ಪ್ರಶ್ನೆಗೆ ಉತ್ತರ. ಕಷ್ಟದ ಕೆಲಸ, ಯಾಕಂದ್ರೆ ಇಲ್ಲದ್ದನ್ನು ಕೇಳಬೇಕು.

ನಿಮ್ಮ ಊರಿನ ಭಾಷೆಯಲ್ಲೇ ಹೇಳ್ತೀನಿ. ಮೈನರ್ ಪೆಂಟಾಟೋನಿಕ್ ಅಂತ ನಾವು ಹಗಲೂ ರಾತ್ರಿ ಉಜ್ಜುತ್ತೇವಲ್ಲ, ಅದು ಧಾನಿ ರಾಗದ ಸ್ವರಗಳೇ. ಸ, ಕೋಮಲ ಗ, ಮ, ಪ, ಕೋಮಲ ನಿ. ಕರ್ನಾಟಕ ಸಂಗೀತದವರು ಶುದ್ಧ ಧನ್ಯಾಸಿ ಅಂತಾರೆ. ಬ್ಲೂಸ್‌ನ ಮಜಾ ಆ 'ಗ'ದಲ್ಲಿದೆ. ಅದು ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವೆ ಎಲ್ಲೋ ತೂಗಾಡುತ್ತೆ. ತಂತಿಯನ್ನು ಎಷ್ಟು ಎಳೆದರು, ಎಷ್ಟು ಹೊತ್ತು ಅಲ್ಲಿ ನಿಂತರು, ಬಿಟ್ಟಾಗ ಎಲ್ಲಿಗೆ ಬಂದು ಕೂತರು, ಕಲಾವಿದರ ಗುರುತು ಇರೋದು ಇದರಲ್ಲಿ. ಧಾರವಾಡದಲ್ಲಿ ಖಯಾಲ್ ಬೈಠಕ್‌ಗೆ ಹೋಗಿ ಕೂತು ನೋಡಿ. ಹುಡುಗರು ಹಾಡಲು ಕೂತರೆ ಹತ್ತು ನಿಮಿಷದೊಳಗೆ ತಾನ್‌ಗಳ ಸುರಿಮಳೆ. ಪಳಗಿದವರು ಕೂತರೆ ಒಂದು ಗಾಂಧಾರ ಹಿಡಿದುಕೊಂಡು ಸಭೆಯನ್ನೇ ನಿಲ್ಲಿಸಿಬಿಡುತ್ತಾರೆ. ಇಂಗ್ರಮ್ ಆ ಪಳಗಿದವರ ಸಾಲಿಗೆ ಸೇರಿಬಿಟ್ಟರು ಅಂತ ನಾನು ಹೇಳ್ತಿಲ್ಲ. 22 ವರ್ಷಕ್ಕೆ ಯಾರೂ ಸೇರಲ್ಲ. ಆ ಕಡೆ ಮುಖ ತಿರುಗಿಸಿದ್ದಾರೆ ಅನ್ನೋದು ಕೇಳಿಸುತ್ತೆ. '662'ರ ನಿಧಾನದ ಹಾಡು 'ಯುವರ್ ಟೈಮ್ ಈಸ್ ಗೊನ್ನ ಕಮ್' ಹಾಕಿಕೊಂಡು ಬೆಂಡ್‌ಗಳನ್ನು, ಅಂದ್ರೆ ಆ ತಂತಿ ಎಳೆಯೋದನ್ನು, ಮಾತ್ರ ಗಮನಿಸಿ. ಉಳಿದದ್ದನ್ನು ಬಿಡಿ.

ಇನ್ನೊಂದು ಬದಲಾವಣೆ ದನಿಯದು. ನನ್ನ ಪ್ರಕಾರ ದೊಡ್ಡ ಜಿಗಿತ ಇರೋದು ಇಲ್ಲೇ, ಗಿಟಾರಿನಲ್ಲಿ ಅಲ್ಲ. ಮೊದಲ ಆಲ್ಬಂನಲ್ಲೂ ದನಿ ತುಂಬಿದ ದನಿಯೇ, ವಯಸ್ಸಿಗೆ ಮೀರಿದ್ದು. ಆದರೆ ಎಲ್ಲ ಹಾಡಿನಲ್ಲೂ ಒಂದೇ ಎತ್ತರದಲ್ಲಿ ನಿಂತು ಹಾಡಿದ ಹಾಗಿದೆ. ಎರಡನೆಯದರಲ್ಲಿ ಆ ದನಿ ಒಳಗೂ ಹೊರಗೂ ಓಡಾಡುತ್ತೆ. 'ದಟ್ಸ್ ಆಲ್ ಇಟ್ ಟೇಕ್ಸ್' ಹಾಡಲ್ಲಿ 'ಸೋಲ್' (soul) ಅನ್ನುವ ಶೈಲಿಯ ಹಳೇ ಗಾಯಕರ ನಯ ಇದೆ. 'ಮೈ ಬ್ಯಾಡ್' ಹಾಡಲ್ಲಿ ತಪ್ಪೊಪ್ಪಿಗೆಯ ತುಂಟತನ ಇದೆ. ಒಬ್ಬರೇ ಬೇರೆ ಬೇರೆ ಮೂಡಿನಲ್ಲಿ ಮಾತಾಡೋದನ್ನು ಕೇಳಿದ ಹಾಗೆ ಆಗುತ್ತೆ. ದನಿಗೆ ಇಷ್ಟು ಬಣ್ಣ ಬಂದ ಮೇಲೆ ಗಿಟಾರ್ ಎಲ್ಲಾ ಕೆಲಸ ತಲೆ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ನೀವು ಗಿಟಾರ್ ಕಮ್ಮಿ ಆಯ್ತು ಅಂದಿರಿ. ದನಿ ಜಾಸ್ತಿ ಆಗಿದ್ದರಿಂದ ಹಾಗೆ ಕೇಳಿಸುತ್ತಿದೆ ಅಂತ ನನ್ನ ಅನುಮಾನ.

ಡ್ರಮ್ಸ್, ಬೇಸ್, ಆಮೇಲೆ ಗಿಟಾರ್ ಅನ್ನುವ ಕ್ರಮ ನೆನಪಿಡಿ ಅಂದಿದ್ದೆ. ಇದೇ ಕಾರಣಕ್ಕೆ. 'ಅನದರ್ ಲೈಫ್ ಗೋಸ್ ಬೈ' ಕೇಳಿ. ದ್ವೇಷಕ್ಕೆ, ಹಿಂಸೆಗೆ ಜೀವಗಳು ಹೋಗುತ್ತಲೇ ಇರುವುದರ ಬಗ್ಗೆ. 2020ರ ಅಮೆರಿಕ ನೋಡಿದವರು ಬರೆದ ಹಾಡು ಅಂತ ಹೇಳದೆಯೇ ಗೊತ್ತಾಗುತ್ತೆ. ಹಾಡು ನಿಂತಿರೋದು ತಾಳದ ನಡಿಗೆಯ ಮೇಲೆ, ಫಂಕ್ ಅನ್ನುವ ಕುಣಿಸೋ ಶೈಲಿಯ ಕಡೆ ವಾಲಿದ ನಡಿಗೆ. ಗಿಟಾರ್ ಇಲ್ಲಿ ಅರ್ಧ ತಾಳವಾದ್ಯವೇ ಆಗಿಬಿಟ್ಟಿದೆ. ಕೂಗಾಟ ಇಲ್ಲ. ಇಂಥ ವಿಷಯ ಸಿಕ್ಕರೆ ಬಹಳ ಜನ ಗಿಟಾರಿಸ್ಟ್‌ಗಳು ತಂತಿ ಕಿತ್ತುಹೋಗೋ ಹಾಗೆ ಗಿಟಾರ್ ಅಳುವಂತೆ ನುಡಿಸುತ್ತಾರೆ. ತಾಳ ಮೊದಲು ಕಲಿತವರಿಗೆ ಮಾತ್ರ ಇಷ್ಟು ತಣ್ಣಗೆ ಕೂತುಕೊಳ್ಳೋಕೆ ಆಗೋದು. ಆಮೇಲೆ ಬಂದ ವಿಸ್ತೃತ ಆವೃತ್ತಿಯಲ್ಲಿ ಇದೇ ಹಾಡಿಗೆ ಮಿಸಿಸಿಪ್ಪಿಯವರೇ ಆದ ರ್‍ಯಾಪರ್ ಬಿಗ್ ಕ್ರಿಟ್ ದನಿ ಸೇರಿಸಿದ್ದಾರೆ. ಅದನ್ನೂ ಕೇಳಿ, ಹಾಡಿನ ಮೂಳೆ ಎಷ್ಟು ಗಟ್ಟಿ ಇದೆ ಅಂತ ತಿಳಿಯುತ್ತೆ.

ಅತಿಥಿಗಳ ವಿಷಯ ಒಂದು ನಿಮಿಷ. ಮೊದಲ ಆಲ್ಬಂನಲ್ಲಿ 'ಫ್ರೆಶ್ ಔಟ್' ಹಾಡಿಗೆ ಸಾಕ್ಷಾತ್ ಬಡಿ ಗೈ ಬಂದಿದ್ದಾರೆ. ಇನ್ನೊಬ್ಬ ಹಿರಿಯ ಬ್ಲೂಸ್ ಕಲಾವಿದ ಕೆಬ್ ಮೋ ಕೆಲವು ಹಾಡುಗಳಲ್ಲಿ ಇದ್ದಾರೆ. ದೊಡ್ಡವರು ಬಂದು ತಲೆ ಮೇಲೆ ಕೈ ಇಟ್ಟ ಹಾಗೆ. ಹೊಸಬರಿಗೆ ಅದು ಬೇಕು ಕೂಡ. '662'ರ ಮೂಲ ಆವೃತ್ತಿಯಲ್ಲಿ ಅಂಥ ದೊಡ್ಡ ಹೆಸರಿಲ್ಲ. ಮನೆಯ ಹಿರಿಯರು ಹಾಲ್‌ನಿಂದ ಎದ್ದು ಒಳಗೆ ಹೋಗಿದ್ದಾರೆ, ಬಂದವರ ಜೊತೆ ಹುಡುಗನೇ ಮಾತಾಡಬೇಕು.

ಮಾತಾಡಿದ್ದಾರೆ. ಮೊದಲ ಆಲ್ಬಂನ 'ಬೀನ್ ಹಿಯರ್ ಬಿಫೋರ್' ಹಾಡಿನ ಭಾವ ಏನು? ನನ್ನದು ಹಳೇ ಜೀವ, ನಾನು ಇಲ್ಲಿಗೆ ಹಿಂದೆಯೂ ಬಂದಿದ್ದೆ ಅನ್ನೋದು. ಬ್ಲೂಸ್‌ನಲ್ಲಿ ವಯಸ್ಸು ಒಂದು ದೊಡ್ಡ ತಲೆನೋವು. ಕಷ್ಟ ಕಂಡವರೇ ಹಾಡಬೇಕು, ನಿನಗೇನು ಗೊತ್ತು ಮಗು ಅಂತ ಎಲ್ಲರೂ ಕೇಳ್ತಾರೆ. ಅದಕ್ಕೆ 20ರ ಹುಡುಗ ಕಂಡುಕೊಂಡ ದಾರಿ, ನಾನು ನಿಜಕ್ಕೂ ಮುದುಕ ಅಂತ ಹೇಳಿಬಿಡೋದು. ಎರಡನೆಯದರಲ್ಲಿ 'ಟೂ ಯಂಗ್ ಟು ರಿಮೆಂಬರ್' ಅಂತ ಹಾಡಿದೆ. ಹೆಸರಲ್ಲೇ ಚಿಕ್ಕವನು ಅಂತ ಒಪ್ಪಿಕೊಂಡಿದ್ದಾರೆ. ಹಳೇ ಕಾಲ ನಾನು ಕಂಡಿಲ್ಲ, ಆದರೆ ನನ್ನ ಕೈಗೆ ಬಂದಿದೆ, ಇಲ್ಲಿ ನಿಂತಿದ್ದೇನೆ ಅನ್ನೋ ಧಾಟಿ. ಹಳಬರ ಅಂಗಿ ಬಿಚ್ಚಿಟ್ಟು ತನ್ನ ಅಂಗಿಯಲ್ಲಿ ಬಂದ ಹಾಗೆ. 'ಸಮ್‌ಥಿಂಗ್ ಇನ್ ದ ಡರ್ಟ್' ಕೂಡ ಇದರ ಜೊತೆಗೇ ಕೇಳಬೇಕಾದ್ದು. ತನ್ನ ಊರಿನ ಮಣ್ಣಿನಲ್ಲೇ ಏನೋ ಇದೆ ಅನ್ನುವ ಹಾಡು.

ಪ್ರಶಸ್ತಿಯವರಿಗೂ ಇದು ಕೇಳಿಸಿತೋ ಏನೋ. ಮೊದಲ ಆಲ್ಬಂಗೆ ನಾಮನಿರ್ದೇಶನ ಬಂದದ್ದು ಸಾಂಪ್ರದಾಯಿಕ ಬ್ಲೂಸ್ ವಿಭಾಗದಲ್ಲಿ. '662' ಗ್ರ್ಯಾಮಿ ಗೆದ್ದದ್ದು 2022ರಲ್ಲಿ, ಸಮಕಾಲೀನ ಬ್ಲೂಸ್ ವಿಭಾಗದಲ್ಲಿ. ಗ್ರ್ಯಾಮಿಯ ವಿಂಗಡಣೆಯನ್ನು ನಾನು ಬಹಳ ನಂಬೋನಲ್ಲ, ಆದರೆ ಈ ಸಲ ಸರಿಯಾಗಿ ಹೆಸರಿಟ್ಟಿದ್ದಾರೆ.

ಎಲ್ಲಾ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. '662'ರಲ್ಲಿ ಹದಿಮೂರು ಹಾಡು, ಮೇಲೊಂದು ಬೋನಸ್. ಎರಡು ಮೂರು ಕಮ್ಮಿ ಇದ್ದಿದ್ದರೆ ಚೆನ್ನಾಗಿತ್ತು. ನಡುವೆ ಕೆಲವು ಹಾಡುಗಳು ಯಾರು ಹಾಡಿದ್ದರೂ ನಡೆಯುತ್ತಿತ್ತು ಅನ್ನೋ ಥರ ಇವೆ. ಹ್ಯಾಂಬ್ರಿಡ್ಜ್ ಅವರ ಡ್ರಮ್ಸ್ ಸದ್ದು ಎರಡೂ ಆಲ್ಬಂಗಳಲ್ಲಿ ನನಗೆ ಸ್ವಲ್ಪ ಅತಿ ಚೊಕ್ಕಟ ಅನ್ನಿಸುತ್ತೆ, ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಕ್ಲಾರ್ಕ್ಸ್‌ಡೇಲ್‌ನ ಕ್ಲಬ್ಬುಗಳ ಬೆವರು ಅಲ್ಲಿಲ್ಲ. ಆ ಬೆವರು ಬೇಕು, ಉದ್ದನೆಯ ಸೋಲೋ ಬೇಕು ಅಂದ್ರೆ 2023ರ 'ಲೈವ್ ಇನ್ ಲಂಡನ್' ಕೇಳಿ. ಇದೇ ಹಾಡುಗಳು ಅಲ್ಲಿ ಕೈಕಾಲು ಚಾಚಿ ಮಲಗಿವೆ. ನಿಮಗೆ ಕಮ್ಮಿ ಆಯ್ತು ಅನ್ನಿಸಿದ ಗಿಟಾರ್ ಅಷ್ಟೂ ಅಲ್ಲಿ ಸಿಗುತ್ತೆ. ಅಂದ್ರೆ ಕೈ ಎಲ್ಲೂ ಹೋಗಿರಲಿಲ್ಲ. ಸ್ಟುಡಿಯೋದಲ್ಲಿ ಬೇಕು ಅಂತಲೇ ತಡೆದು ಇಟ್ಟಿದ್ದರು.

ಎರಡನೇ ಆಲ್ಬಂ ಯಾರಿಗೂ ಸುಲಭ ಅಲ್ಲ. ಮೊದಲನೆಯದಕ್ಕೆ ಹುಟ್ಟಿದಾಗಿನಿಂದ ಕೂಡಿಟ್ಟ ಸರಕು ಇರುತ್ತೆ. ಎರಡನೆಯದಕ್ಕೆ ಒಂದೋ ಎರಡೋ ವರ್ಷ. ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಅವರ ಮೊದಲ ಆಲ್ಬಂ 'ಟೆಕ್ಸಸ್ ಫ್ಲಡ್' 1983ರಲ್ಲಿ ಬಂತು. ರೆಕಾರ್ಡ್ ಆಗಿದ್ದು ಗಾಯಕ ಜಾಕ್ಸನ್ ಬ್ರೌನ್ ಅವರು ಪುಕ್ಕಟೆ ಬಿಟ್ಟುಕೊಟ್ಟ ಸ್ಟುಡಿಯೋದಲ್ಲಿ, ಮೂರೇ ದಿನದಲ್ಲಿ. ಯಾಕಂದ್ರೆ ಅವರು ಅದನ್ನೇ ವರ್ಷಗಟ್ಟಲೆ ಸ್ಟೇಜ್ ಮೇಲೆ ನುಡಿಸಿದ್ದರು. ಹತ್ತರಲ್ಲಿ ಆರು ಹಾಡು ಅವರದೇ. ಮುಂದಿನ ವರ್ಷವೇ ಬಂದ 'ಕುಡಂಟ್ ಸ್ಟ್ಯಾಂಡ್ ದ ವೆದರ್' ಆಲ್ಬಂನಲ್ಲಿ ಎಂಟರಲ್ಲಿ ನಾಲ್ಕು. ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಹಾಡನ್ನೂ ತಂದು ಸೇರಿಸಿದರು. ಹಾಗಂತ ಅದು ಕೆಟ್ಟ ಆಲ್ಬಂ ಏನಲ್ಲ. ಅದರ 'ಟಿನ್ ಪ್ಯಾನ್ ಆಲಿ'ಯಲ್ಲಿ ಅವರು ಎಷ್ಟು ಮೆಲ್ಲಗೆ ನುಡಿಸುತ್ತಾರೆ ಅಂದ್ರೆ ಉಸಿರು ಬಿಗಿ ಹಿಡಿದು ಕೇಳಬೇಕು. ನೋಡಿ, ಅಲ್ಲೂ ಎರಡನೇ ಆಲ್ಬಂನ ಒಳ್ಳೇ ಘಳಿಗೆ ಇರೋದು ಮೆಲ್ಲಗೆ ನುಡಿಸಿದ ಕಡೆ.

ನಾನು ದನಿ ದನಿ ಅಂತ ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದು ಅಡ್ಡ ಉದಾಹರಣೆಯೂ ಇದೆ. ನೀವು ಹಾಡೋದಿಲ್ಲ ಅಂತಾದರೆ ಇದು ನಿಮಗೆ ಬೇಕಾಗಬಹುದು. ಕೆನ್ನಿ ವೇಯ್ನ್ ಶೆಪರ್ಡ್ ಅನ್ನುವ ಬ್ಲೂಸ್ ಗಿಟಾರಿಸ್ಟ್ ಮೊದಲ ಆಲ್ಬಂ ಮಾಡಿದ್ದು 1995ರಲ್ಲಿ, ಆಗ ಅವರಿಗೆ 18. ಅದರಲ್ಲಿ ಹಾಡಿದವರು ಬೇರೆಯವರು. ಎರಡನೆಯದು 1997ರ 'ಟ್ರಬಲ್ ಈಸ್'. ಅದಕ್ಕೆ ನೋಹ್ ಹಂಟ್ ಅನ್ನುವ ಹೊಸ ಗಾಯಕ ಬಂದರು. 'ಬ್ಲೂ ಆನ್ ಬ್ಲ್ಯಾಕ್' ಆ ಆಲ್ಬಂನದೇ. ಸರಿಯಾದ ದನಿಯ ಪಕ್ಕ ನಿಲ್ಲೋದು ಹೇಗೆ ಅಂತ ಕಲಿತದ್ದೇ ಆ ಹುಡುಗನ ಬೆಳವಣಿಗೆ. ಆದ್ದರಿಂದ ನಾಳೆಯಿಂದಲೇ ನೀವು ಹಾಡಲೇಬೇಕು ಅಂತ ನಾನು ಹೇಳಲ್ಲ.

ಆದರೆ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಹಾಡಿ. ಇದು ಅಭ್ಯಾಸಕ್ಕೆ. ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ. ಒಂದು ಸಾಲು ಹೇಳಿ, ಇಂಗ್ಲಿಷೇ ಬೇಕಿಲ್ಲ. 'ಬಸ್ಸು ಹೋಯ್ತು, ಮಳೆ ಬಂತು, ಚಪ್ಪಲಿ ಕಿತ್ತೋಯ್ತು' ಅಂದರೂ ಆಯ್ತು, ಬ್ಲೂಸ್‌ಗೆ ಇದಕ್ಕಿಂತ ಒಳ್ಳೇ ವಿಷಯ ಯಾವುದಿದೆ? ಸಾಲು ಮುಗಿದ ಮೇಲೆ ಗಿಟಾರಿನಲ್ಲಿ ಉತ್ತರ ಕೊಡಿ. ನಿಯಮ ಒಂದೇ. ಬಾಯಿ ಉಸಿರು ತೆಗೆದುಕೊಳ್ಳೋ ಕಡೆ ಬೆರಳೂ ನಿಲ್ಲಬೇಕು. ಗಿಟಾರಿಗೆ ಶ್ವಾಸಕೋಶ ಇಲ್ಲ, ಅದಕ್ಕೇ ನಾವು ಅಷ್ಟು ವಟವಟ ಅನ್ನೋದು. ಒಂದು ವಾರ ಬಿಟ್ಟು ಆ ರೆಕಾರ್ಡಿಂಗ್ ಕೇಳಿ. ನಾಚಿಕೆ ಆಗುತ್ತೆ, ಆಗಲಿ. ಆಮೇಲೆ ಮತ್ತೆ '662' ಹಾಕಿ.

ನನಗೆ ಈ ಪಾಠ ಕಲಿಸಿದ್ದು ನಮ್ಮ ಬ್ಯಾಂಡಿನ ಗಾಯಕಿ. ಆಗ ನನಗೆ 24. ಒಂದು ಸಣ್ಣ ಸ್ಟುಡಿಯೋದಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ರೆಕಾರ್ಡ್ ಮಾಡ್ತಿದ್ವಿ. ಅವರು ಸಾಲು ಮುಗಿಸೋದೇ ತಡ, ನಾನು ಶುರು. ಸಾಲು ಮುಗಿಯೋಕೆ ಮುಂಚೆಯೇ ಶುರು. ಮೂರನೇ ಟೇಕ್‌ನಲ್ಲಿ ಅವರು ಹೆಡ್‌ಫೋನ್ ತೆಗೆದು ಇಟ್ಟರು. 'ಏನಪ್ಪಾ, ನಾನು ಹಾಡ್ಲಾ, ಇಲ್ಲ ನೀನು ಮಾತಾಡಿ ಮುಗಿಸ್ತೀಯಾ?' ಅಂದರು. ಸ್ಟುಡಿಯೋದವರು ಗಾಜಿನ ಆ ಕಡೆ ನಗುತ್ತಿದ್ದರು. ಟೇಪ್ ಇನ್ನೂ ನನ್ನ ಹತ್ತಿರ ಇದೆ. ಕೇಳೋಕೆ ಧೈರ್ಯ ಬರಲ್ಲ.

'662'ರ ಕೊನೆಗೆ ಬೋನಸ್ ಆಗಿ ಇರುವ ಹಾಡಿನ ಹೆಸರು 'ರಾಕ್ ಅಂಡ್ ರೋಲ್'. ಹೆಸರು ಕೇಳಿ ಕುಣಿಯೋ ಹಾಡು ಅಂದುಕೊಂಡು ನೀವು ದಾಟಿ ಹೋಗಿರಬಹುದು. ತೀರಿಕೊಂಡ ತಾಯಿಗೆ ಅರ್ಪಿಸಿದ ಹಾಡು ಅದು. ಮಗ ಸಂಗೀತದ ಹಿಂದೆ ಹೋಗೋದಕ್ಕೆ ತಾಯಿ ಏನೇನು ಬಿಟ್ಟುಕೊಟ್ಟರು ಅನ್ನೋದೇ ಅದರ ಒಳಗಿನ ಮಾತು. ಆಲ್ಬಂನ ಬೇರೆಲ್ಲದಕ್ಕಿಂತ ಮೊದಲು ಅದನ್ನೇ ಕೇಳಿ, ಆಮೇಲೆ ಒಂದನೇ ಹಾಡಿಗೆ ಬನ್ನಿ. ಕ್ರಮ ತಲೆಕೆಳಗಾದರೆ ಪರವಾಗಿಲ್ಲ.

ಇನ್ನು ಟೆಲಿಕಾಸ್ಟರ್ ವಿಚಾರ. ಗಿಟಾರ್ ಕಂಪನಿ ಫೆಂಡರ್‌ನವರು ಇಂಗ್ರಮ್ ಹೆಸರಲ್ಲಿ ತಂದ ಆ ನೇರಳೆ ಗಿಟಾರ್ ಬಂದದ್ದು 2022ರಲ್ಲಿ. ಅಂದ್ರೆ ನೀವು ಇಷ್ಟಪಡುವ ಮೊದಲ ಆಲ್ಬಂ ಆಗಲಿ, '662' ಆಗಲಿ ಬಂದಾಗ ಆ ಮಾಡೆಲ್ಲೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಇನ್ನೊಂದು, ಹೆಸರು ಟೆಲಿಕಾಸ್ಟರ್ ಆದರೂ ಅದರಲ್ಲಿರೋದು ಎರಡು ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ ಜೋಡಿ ಸುರುಳಿಯ ಸಾಧನ). ಟೆಲಿಯ ಆ ಚುರುಕು ಟಣ್ ಟಣ್ ಅಲ್ಲ, ದಪ್ಪನೆಯ ಸದ್ದು. ನಿಮ್ಮ ಈಗಿನ ಗಿಟಾರಿನಲ್ಲಿ ಹಂಬಕರ್ ಇದ್ದರೆ ನೆಕ್ ಪಿಕಪ್‌ಗೆ ಹಾಕಿ, ಟೋನ್ ಸ್ವಲ್ಪ ಇಳಿಸಿ, ಆಂಪ್‌ನ ಗೇನ್ ನಿಮಗೆ ಬೇಕು ಅನ್ನಿಸೋದಕ್ಕಿಂತ ಕಮ್ಮಿ ಇಡಿ. ಹತ್ತಿರ ಹತ್ತಿರ ಬರುತ್ತೆ. ತಂತಿ ಎಷ್ಟು ತಿಂಗಳಿಂದ ಬದಲಾಯಿಸಿಲ್ಲ? ಮೊದಲು ಅದನ್ನು ಬದಲಾಯಿಸಿ.